ಚುಕ್ಕೆ ಹೊಡೆಯದ ಅಕ್ಷರ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ
ನನ್ನ ಕೆಲಸ ತಗಡು ಕೊರೆಯುವುದು.
ಗೋಣಿಯ ಮೇಲೆ ಊರಿನ ಹೆಸರು ಮೂಡಬೇಕು:
ಕರೀ ಮಸಿ, ಗಿಡ್ಡ ಬ್ರಷ್ಷು, ಎರಡೇ ಏಟು.

ಓ ಕೊರೆಯುವಾಗ ಹುಷಾರು.
ಸುತ್ತ ಪೂರ್ತಿ ಕತ್ತರಿಸಿದರೆ ಹೊಟ್ಟೆ ಕಳಚಿ ಬೀಳುತ್ತದೆ.
ಮೇಲೊಂದು ಕೆಳಗೊಂದು ಸಂಕ ಬಿಡಬೇಕು,
ತೋಡು ದಾಟುವ ಅಡಿಕೆ ಮರದ ಹಾಗೆ.

ಇಪ್ಪತ್ತಾರು ಅಕ್ಷರ ಕಲಿಸಿದ್ದು ಇಸ್ಕೂಲು,
ಉಳಿದದ್ದು ಗೋಣಿ.

ಮಾಲ್ಮೋಗೆ ಹೋಗುವ ö,
ತಲೆಯ ಮೇಲೆ ಎರಡು ಕಾಳು.
'ನೊಣ ಕೂತಿದೆ, ಬಿಡು ಜೋಯಪ್ಪ' ಅಂದ
ಆಫೀಸಿನ ಸಿದ್ದಲಿಂಗ. ಬಿಟ್ಟೆ.
ಕಾಗದ ಬಂತು, ಮರ್ಯಾದೆಯಲ್ಲೇ:
ಅದು ಸಿಂಗಾರ ಮಾಡಿಕೊಂಡ ಓ ಅಲ್ಲ,
ನಮ್ಮಲ್ಲಿ ಅದೇ ಬೇರೆ ಅಕ್ಷರ,
ಸಾಲಿನಲ್ಲಿ ಕಟ್ಟಕಡೆಗೆ ನಿಲ್ಲುತ್ತದೆ.
ಕಟ್ಟಕಡೆಗೆ ನಿಲ್ಲುವವರ ಸಂಗತಿ
ನನಗೆ ತಿಳಿಯದ್ದೇನಲ್ಲ.
ಮೊಳೆ ತಗೊಂಡು ಎರಡು ತೂತು ಹೊಡೆದೆ.

ಪೋಲೆಂಡಿನ ł,
ಸೊಂಟಕ್ಕೆ ಅಡ್ಡ ಸಿಕ್ಕಿಸಿದ ಪೀಚೆಕತ್ತಿ.
ಕತ್ತಿ ಇದ್ದರೆ ಲ ಅನ್ನಬಾರದು, ವ ಅನ್ನಬೇಕಂತೆ.
ನಾವು ಲೋಡ್ಜ್ ಅಂತ ಒದರುತ್ತಿದ್ದ ಊರು
ಅಲ್ಲಿಯವರ ಬಾಯಲ್ಲಿ ವೂಚ್.
ಫ್ರಾನ್ಸಿನ ಸಿಗೆ ಬುಡದಲ್ಲಿ ಮೊಳಕೆ.
ಸ್ಪೇನಿನ ಎನ್ ಮೇಲೆ ಏಪ್ರಿಲ್ ತಿಂಗಳ ಕಾವೇರಿ,
ಬಂಡೆಗಳ ನಡುವೆ ಉಳಿದ ಒಂದೇ ಒಂದು ಅಲೆ.
ಜರ್ಮನಿಯದೊಂದಿದೆ, ಬೀ ಅಂತ ಕೊರೆದು ಬೈಸಿಕೊಂಡದ್ದು,
ಆ ಸುದ್ದಿ ಬೇಡ.

ಕಳೆದ ಫೆಬ್ರವರಿ, ಟರ್ಕಿಯ ಆರ್ಡರು.
ಊರಿನ ಹೆಸರಲ್ಲೊಂದು ಐ, ಅದಕ್ಕೆ ಚುಕ್ಕೆಯಿಲ್ಲ.
'ಝೆರಾಕ್ಸಿನಲ್ಲಿ ಹಾರಿಹೋಗಿದೆ' ಅಂದ ಸಿದ್ದಲಿಂಗ.
ಪುಣ್ಯ ಬರಲಿ ಅಂತ ನಾನೇ ಹೊಡೆದೆ,
ನಲವತ್ತು ಮೂಟೆಗೆ.

ಸರಕು ನೋಡಲು ಬಂದಾತ ಹೊಟ್ಟಿನ ಧೂಳಿಗೆ ಕೆಮ್ಮುತ್ತ
ನನ್ನ ಚುಕ್ಕೆಯನ್ನು ಉಗುರಲ್ಲಿ ಕೆರೆದ.
ನಮ್ಮಲ್ಲಿ ಎರಡೂ ಇವೆ, ಅಂದ,
ಚುಕ್ಕೆ ಇದ್ದದ್ದು, ಇಲ್ಲದ್ದು.
ಇದು ಇಲ್ಲದ್ದು.
ಆಮೇಲೆ ಹೆಸರು ಹೇಳಿ ತೋರಿಸಿದ.
ಸಿದ್ದಲಿಂಗ ಆಯ್ದಿನ್ ಅಂದ. ಅಲ್ಲ.
ನಾನು ಆಯ್ದುನ್ ಅಂದೆ. ಅಲ್ಲ.
ಲಾರಿಯ ಅದ್ರಾಮ ಬೀಡಿ ತೆಗೆದು
ಆಯ್ದನ್ ಅಂದ. ಅದೂ ಅಲ್ಲ.

ಮೂಟೆ ಎಣಿಸುತ್ತಿದ್ದ ಚೀಯವ್ವ
ತಲೆ ಎತ್ತದೆಯೇ ಅಂದಳು ಆ ಹೆಸರನ್ನ.
ಆತ ತಿರುಗಿದ,
ಜನಜಂಗುಳಿಯಲ್ಲಿ ಯಾರೋ ಮನೆಹೆಸರು ಹಿಡಿದು ಕರೆದಂತೆ.

'ಇದರಲ್ಲೇನುಂಟು' ಅಂದಳು ಚೀಯವ್ವ.
'ನೀವು ಒಂದು ಅನ್ನುವಾಗ ತುಟಿ ದುಂಡಗೆ ಮಾಡುತ್ತೀರಿ,
ನಾವು ಮಾಡುವುದಿಲ್ಲ.
ನಿಮ್ಮ ಲಿಪಿಯಲ್ಲಿ ಒಂದ್, ದಂಡ್, ಮೂಂದ್ ಅಂತ ಬರೆದು
ಬಾಲವನ್ನು ಬಾಯಲ್ಲೇ ಇಟ್ಟುಕೊಳ್ಳುತ್ತೇವೆ.'

ಆಮೇಲೆ ಇಬ್ಬರೂ ಎಣಿಸಿದರು,
ಆಕೆ ಕೊಡವ ತಕ್ಕಿನಲ್ಲಿ, ಆತ ತನ್ನದರಲ್ಲಿ,
ಒಂದೊಂದು ಮೂಟೆಗೂ ಒಂದೊಂದು ತಟ್ಟು.
ಐದರವರೆಗೆ ಯಾರದ್ದು ಯಾರಿಗೋ.
ಆರಕ್ಕೆ ಬಂದಾಗ ಎರಡು ಮಾತಿನ ಕೊನೆಯಲ್ಲೂ
ಅದೇ ಬಾಲ, ತುಟಿ ಚಪ್ಪಟೆ,
ಇಬ್ಬರೂ ನಿಂತರು. ಆಕೆ ನಕ್ಕಳು,
ವರ್ಕ್ಸಿನಲ್ಲಿ ಆಕೆಯ ನಗು ನಾನು ಕಂಡದ್ದು ಕಮ್ಮಿ.

ಮೂಟೆಗಳನ್ನು ಮಗುಚಿ ಹಿಂಬದಿಗೆ ಹೊಡೆದೆವು.
ತಗಡಿನ ತೂತಿಗೆ ಬೆಸುಗೆ ಹಾಕಿದೆ.
ಮೂವತ್ತು ವರ್ಷದಲ್ಲಿ
ತೂತು ಮುಚ್ಚಿ ಅಕ್ಷರ ಮಾಡಿದ್ದು ಅದೊಂದೇ ಸಲ.

ಸಂಜೆ ಗೇಟಿನ ಹತ್ತಿರ ಕೇಳಿದೆ:
ಅಂತೂ ನಿಮ್ಮ ಸದ್ದಿಗೊಂದು ಅಕ್ಷರ ಸಿಕ್ಕಿತಲ್ಲ?
ಆಕೆ ಕೊಡೆ ಬಿಡಿಸುತ್ತ ಏಳು ಅಂದಳು, ಎಂಟು ಅಂದಳು,
ತನ್ನ ಮಾತಿನಲ್ಲಿ.
ಎರಡಕ್ಕೂ ಮೊದಲಲ್ಲಿ ಇನ್ನೊಂದು ಸದ್ದು,
ಎ ಅಲ್ಲ, ಅ ಅಲ್ಲ,
ಆತನ ಚುಕ್ಕೆಯಿಲ್ಲದ್ದೂ ಅಲ್ಲ.

ಅದು ಯಾವ ಊರಿನ ವಿಳಾಸದಲ್ಲಿ ಬರುತ್ತದೋ.
ನಾಳೆ ಎರಡು ಲಾರಿ ಉಂಟು.
ಖಾಲಿ ತಗಡು ಸುತ್ತಿಗೆಯಲ್ಲಿ ತಟ್ಟಿ
ಚಪ್ಪಟೆ ಮಾಡಿ ಇಟ್ಟಿದ್ದೇನೆ.